ಚುಕ್ಕೆ ನಡುವೆಯೇ ಇತ್ತು

ಬ್ಲೇಡಕ್ಕ ಎಂದರೆ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರಿಲ್ಲ. ಆದರೆ ಅವಳ ಮುಖ ಗೊತ್ತಿದ್ದವರು ಬೆರಳೆಣಿಕೆಯಷ್ಟು. ಲಿಫ್ಟಿನ ಹಿಂದಿನ ಓಣಿಯ ತುದಿಗೆ, ಕಿಟಕಿ ತೆರೆದರೆ ಜನರೇಟರಿನ ಬೆನ್ನು ಕಾಣುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ. ಮೇಲಿನ ವಾರ್ಡುಗಳಿಂದ ಡಬ್ಬಿಗಳಲ್ಲಿ ಇಳಿದು ಬರುವ ಮನುಷ್ಯರ ಚೂರುಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ ಕೊಡುವುದು. ಆ ಗಾಜಿಗೆ ಬಣ್ಣ ಹಾಕುವವನು ಬಣ್ಣದ ಮಾವ. ಅವನ ಹತ್ತೂ ಉಗುರು ಯಾವ ಕಾಲದಲ್ಲೂ ನೇರಳೆ. ಬಣ್ಣ ಹಾಕಿದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಇಂಥದ್ದು ಎಂದು ಬರೆಯುವವರು ಸ್ಲೈಡ್ ಮೇಡಂ. ಮೂರು ಜನರ ಸಂಸಾರ. ಜಗಳವೂ ಸಂಸಾರದ್ದೇ: ಕಿಟಕಿ ಯಾರು ತೆರೆದರು, ಚಹಾದ ಲೋಟವನ್ನು ಯಾರು ಚೂರು ಕೊಳೆಯದಂತೆ ಕಾಯುವ ಫಾರ್ಮಲಿನ್ ಡಬ್ಬಿಯ ಪಕ್ಕದಲ್ಲಿಟ್ಟರು.

ಆ ಸೋಮವಾರ ಬೆಳಿಗ್ಗೆ ದೊಡ್ಡ ಡಾಕ್ಟರು ತಾವೇ ಲ್ಯಾಬಿಗೆ ಇಳಿದು ಬಂದರು. ಅದು ವರ್ಷಕ್ಕೊಮ್ಮೆಯೂ ಆಗದ ಸಂಗತಿ. ಬಣ್ಣದ ಮಾವ ಎದ್ದು ನಿಂತ ರಭಸಕ್ಕೆ ಸ್ಟೂಲು ಹಿಂದಕ್ಕೆ ಬಿತ್ತು.

"ಮೇಡಂ, ನನ್ನ ರಿಪೋರ್ಟ್ ಬರೆದಾಯ್ತಾ?"

ವಾರದ ಹಿಂದೆ ಅವರ ಲಿವರಿಗೇ ಸೂಜಿ ಹಾಕಿ ತೆಗೆದ ಎಳೆಯೊಂದು ಲ್ಯಾಬಿಗೆ ಬಂದಿತ್ತು. ಅದನ್ನು ಸೀಳಿದವಳು ಬ್ಲೇಡಕ್ಕನೇ.

"ಬರೀತಾ ಇದೀನಿ ಸರ್. ಬನ್ನಿ, ನೀವೇ ನೋಡಿಬಿಡಿ."

ದೊಡ್ಡ ಡಾಕ್ಟರು ಬಗ್ಗಿ ನೋಡಿದರು. ಬ್ಲೇಡಕ್ಕ ತನ್ನ ಸೀಳುವ ಯಂತ್ರದ ಹಿಡಿ ತಿರುಗಿಸುತ್ತಲೇ ಇದ್ದಳು. ನೋಡುವ ಅಗತ್ಯ ಅವಳಿಗಿರಲಿಲ್ಲ. ಬೆಳಿಗ್ಗೆ ಬಂದ ಕೂಡಲೇ ನೋಡಿದ್ದಳು: ಅರ್ಧಕ್ಕರ್ಧ ಜೀವಕೋಶಗಳಲ್ಲಿ ಒಂದೊಂದು ದೊಡ್ಡ ಕೊಬ್ಬಿನ ಹನಿ. ಹನಿ ಕೋಶದ ತುಂಬ ಕೂತು, ಒಳಗಿನ ನ್ಯೂಕ್ಲಿಯಸ್ಸನ್ನು, ಅಂದರೆ ಲ್ಯಾಬಿನ ಮಾತಲ್ಲಿ 'ಚುಕ್ಕೆ'ಯನ್ನು, ಗೋಡೆಗೆ ಒತ್ತಿಬಿಟ್ಟಿತ್ತು.

"ದೊಡ್ಡ ಹನಿ," ಎಂದರು ದೊಡ್ಡ ಡಾಕ್ಟರು. ದನಿಯಲ್ಲಿ ಎಂದಿನ ಠೇಂಕಾರವಿರಲಿಲ್ಲ.

"ನಿಮಗೆ ಸಕ್ಕರೆ ಕಾಯಿಲೆ ಇದೆಯಲ್ಲ ಸರ್. ತೂಕಾನೂ ಸ್ವಲ್ಪ..."

"ಅದು ಸರಿ. ಆದ್ರೆ ಕುಡುಕರಲ್ಲೂ ಚಿತ್ರ ಹಿಂಗೇ ಇರುತ್ತೆ. ಗಾಜು ನೋಡಿ ಬೇರೆ ಮಾಡಿ ಹೇಳೋಕಾಗಲ್ಲ. ನಾಳೆ ಯಾರೋ ರಿಪೋರ್ಟ್ ನೋಡಿ ನಾಲ್ಕು ಮಾತಾಡ್ತಾರೆ. ನಾನು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ಮೇಡಂ."

"ಅಯ್ಯೋ, ನಮಗೆ ಗೊತ್ತಿಲ್ವಾ ಸರ್. ನೀವು ಹೇಳಿದ ಮೇಲೆ ಮುಗೀತು. ಸಕ್ಕರೆಯಿಂದ ಅಂತಲೇ ಬರೀತೀನಿ."

ನೀವು ಹೇಳಿದ ಮೇಲೆ ಮುಗೀತು.

ಬ್ಲೇಡಕ್ಕನ ಕೈಯಲ್ಲಿ ಹಿಡಿ ನಿಂತಿತು. ಬ್ಲೇಡಿನಿಂದ ಪಟ್ಟಿಯಾಗಿ ಇಳಿಯುತ್ತಿದ್ದ ಮೇಣದ ರಿಬ್ಬನ್ನು ಹರಿದು ಮಡಿಲಿಗೆ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ರಿಬ್ಬನ್ನು ಹರಿದದ್ದನ್ನು ಕಂಡಿರದ ಬಣ್ಣದ ಮಾವ, "ಏನಮ್ಮಾ, ಬ್ಲೇಡಿಗೇ ದೃಷ್ಟಿ ಬಿತ್ತಾ?" ಎಂದ. ಅವಳು ಬಾಗಿಲ ಕಡೆ ಹೊರಟ ದೊಡ್ಡ ಡಾಕ್ಟರ ಅಗಲವಾದ ಬೆನ್ನನ್ನೇ ನೋಡುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ 'ಒಂದು ತೊಟ್ಟು ಮುಟ್ಟಿದವನಲ್ಲ' ಎಂಬ ಮಾತನ್ನು ಇದೇ ಮನುಷ್ಯನ ಎದುರು ಅವಳ ತಮ್ಮ ಹೇಳಿದ್ದ. ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ.

ಅಮ್ಮ ತೀರಿಕೊಂಡಾಗ ತಮ್ಮನಿಗೆ ಐದು, ಅವಳಿಗೆ ಹದಿನೆಂಟು. ಅವನಿಗೆ ತಲೆ ಬಾಚಿದ್ದು, ಲೆಕ್ಕ ಹೇಳಿಕೊಟ್ಟದ್ದು, ಮೊದಲ ಮೀಸೆ ಬಂದಾಗ ನಕ್ಕದ್ದು ಎಲ್ಲ ಅವಳೇ. ದೊಡ್ಡವನಾಗಿ ಅವನು ಗಡಿಯಾರ ರಿಪೇರಿಗೆ ಕೂತ. ಬಸ್ ನಿಲ್ದಾಣದ ಎದುರು, ಎರಡು ಅಂಗಡಿಗಳ ನಡುವಿನ ಸಂದಿಯಷ್ಟೇ ಅಗಲದ ಅಂಗಡಿ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ಹಾಕಿ ಕೂತನೆಂದರೆ ಎಳ್ಳಿನ ಕಾಳಿನಷ್ಟು ಸ್ಕ್ರೂ ಅವನ ಚಿಮುಟದಲ್ಲಿ ಸುಮ್ಮನೆ ನಿಂತಿರುತ್ತಿತ್ತು. "ಅಕ್ಕಾ, ನೀನು ಮನುಷ್ಯರ ಒಳಗಡೆ ನೋಡ್ತೀಯಾ, ನಾನು ಟೈಮಿನ ಒಳಗಡೆ ನೋಡ್ತೀನಿ. ಯಾರ ಕೆಲಸ ದೊಡ್ಡದು ಹೇಳು," ಎಂದು ರೇಗಿಸುತ್ತಿದ್ದ.

ಇಪ್ಪತ್ತಾರಕ್ಕೆ ಅವನಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂತು. ದೊಡ್ಡ ಡಾಕ್ಟರಿಗೇ ತೋರಿಸಿದರು. ಮಾತ್ರೆ ಕೊಟ್ಟರು, ಫಿಟ್ಸ್ ನಿಂತಿತು, ಅವರನ್ನು ಮನೆಯವರೆಲ್ಲ ತಲೆಯ ಮೇಲೆ ಹೊತ್ತುಕೊಂಡರು. ಎರಡು ತಿಂಗಳು ಕಳೆಯುವಷ್ಟರಲ್ಲಿ ತಮ್ಮನ ಕೈ ನಡುಗತೊಡಗಿತು. ಸ್ಕ್ರೂ ನಿಲ್ಲದಾಯಿತು. ಆಮೇಲೆ ವಾಂತಿ, ಹಗಲಿಡೀ ತೂಕಡಿಕೆ, ಮಾತಿನಲ್ಲಿ ಒಂಥರಾ ತೊದಲು. ಅಪ್ಪ ಅವನ ಶರ್ಟು ಮೂಸಿ ನೋಡಿದರು. ಸ್ಪಿರಿಟ್ಟಿನ ವಾಸನೆ! ಗಡಿಯಾರದ ಚಕ್ರಗಳನ್ನು ಅವನು ದಿನವಿಡೀ ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುವವನು, ವಾಸನೆ ಬರದೆ ಇನ್ನೇನು? ಅದೇ ವಾಸನೆ ಬ್ಲೇಡಕ್ಕನ ಸೀರೆಯಿಂದಲೂ ಬರುತ್ತಿತ್ತು. ಅದನ್ನು ಯಾರೂ ಮೂಸಲಿಲ್ಲ.

ಅಪ್ಪನೇ ಎದುರು ನಿಂತು ದೊಡ್ಡ ಡಾಕ್ಟರಿಗೆ ಹೇಳಿದರು: "ವಾಸನೆ ಬರುತ್ತೆ ಡಾಕ್ಟ್ರೇ."

ದೊಡ್ಡ ಡಾಕ್ಟರು ಕುಡಿತದ ವಿರುದ್ಧ ಶಾಲೆ ಶಾಲೆಗೆ ಹೋಗಿ ಭಾಷಣ ಮಾಡುವವರು. ತಮ್ಮನ ನಡುಗುವ ಕೈ ಹಿಡಿದು, "ಎಷ್ಟು ವರ್ಷದಿಂದ?" ಎಂದರು.

"ಇಲ್ಲ ಸರ್. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿಲ್ಲ ಸರ್."

"ಎಲ್ಲರೂ ಇದನ್ನೇ ಹೇಳೋದು ಮಾರಾಯ. ನನಗೆ ಹೇಳಬೇಡ, ಕನ್ನಡಿಗೆ ಹೇಳ್ಕೋ." ಕುಡಿತ ಬಿಟ್ಟ ಕೂಡಲೇ ಫಿಟ್ಸ್ ಮರುಕಳಿಸಬಹುದೆಂದು ಮಾತ್ರೆಯನ್ನು ಎರಡು ಪಟ್ಟು ಮಾಡಿ ಕಳಿಸಿದರು.

ಬ್ಲೇಡಕ್ಕ ಅಲ್ಲೇ ಇದ್ದಳು. ಅದು ಅಂಗಡಿಯ ಸ್ಪಿರಿಟ್ಟು ಸರ್ ಎನ್ನಲು ಅವಳಿಗೆ ಎಷ್ಟು ಹೊತ್ತು ಬೇಕಿತ್ತು? ನಾಲಗೆ ಏಳಲಿಲ್ಲ. ಎದುರಿಗಿದ್ದವರು ದೊಡ್ಡ ಡಾಕ್ಟರು, ತಾನು ಚೂರು ಸೀಳುವವಳು. ಹತ್ತೊಂಬತ್ತನೇ ದಿನಕ್ಕೆ ತಮ್ಮ ಹೋದ. ಕಣ್ಣೂ ಪೂರ್ತಿ ಹಳದಿಯಾಗಿರಲಿಲ್ಲ, ಅಷ್ಟು ಬೇಗ.

ಕಾರಣ ತಿಳಿಯಲೆಂದು ಲಿವರಿನಿಂದ ಸೂಜಿಯಲ್ಲಿ ಎರಡು ಎಳೆ ತೆಗೆದು ಲ್ಯಾಬಿಗೆ ಕಳಿಸಿದರು. ಜೊತೆಯಲ್ಲಿ ಬಂದ ಫಾರಂ ದೊಡ್ಡ ಡಾಕ್ಟರ ಅಕ್ಷರದಲ್ಲೇ ಇತ್ತು: 'ದಿನವೂ ಕುಡಿಯುವವನು. ಒಪ್ಪಿಕೊಳ್ಳುವುದಿಲ್ಲ.' ಆಗ ಲ್ಯಾಬಿನಲ್ಲಿದ್ದ ಹಳೇ ಸರ್ ನಿವೃತ್ತಿಯ ದಿನ ಎಣಿಸುತ್ತಿದ್ದವರು; ಫಾರಂ ಓದಿ, ಗಾಜಿನ ಮೇಲೊಮ್ಮೆ ಕಣ್ಣಾಡಿಸಿ ಎರಡೇ ಸಾಲು ಬರೆದರು: 'ಕೊಬ್ಬು ತುಂಬಿದ ಯಕೃತ್ತು. ಕುಡಿತಕ್ಕೆ ಹೊಂದುತ್ತದೆ.' ಹನಿ ದೊಡ್ಡದೋ ಸಣ್ಣದೋ ಎಂದು ಬರೆಯಲಿಲ್ಲ. ಆ ಎರಡು ಸಾಲು ಹಿಡಿದು ಅಪ್ಪ ನೆಂಟರ ಎದುರೆಲ್ಲ ತಲೆ ತಗ್ಗಿಸಿ ನಿಂತರು. "ಕುಡಿದು ಸತ್ತ" ಎಂದು ಬೇರೆಯವರು ಹೇಳುವ ಮೊದಲು ತಾವೇ ಹೇಳಿದರು. ಮನೆಯ ಗೋಡೆಯಿಂದ ಅವನ ಫೋಟೊ ಇಳಿಯಿತು. ಅಂದಿನಿಂದ ಅಪ್ಪನ ಬಾಯಲ್ಲಿ ಅವನು 'ಅವನು' ಅಷ್ಟೇ.

ಬ್ಲೇಡಕ್ಕ ಮಾಡಿದ್ದು ಒಂದೇ ಕೆಲಸ. ಎರಡು ಎಳೆಗಳಲ್ಲಿ ಒಂದು ಮೇಣಕ್ಕೆ ಹೋಗಿತ್ತು, ಇನ್ನೊಂದು ಡಬ್ಬಿಯಲ್ಲೇ ಉಳಿದಿತ್ತು. ಉಳಿದ ಚೂರುಗಳನ್ನು ಮೂರು ತಿಂಗಳಾದ ಮೇಲೆ ಸುಡಲು ಕಳಿಸುವುದು ಪದ್ಧತಿ. ಅವಳು ಆ ಡಬ್ಬಿಯನ್ನು ಕಳಿಸಲಿಲ್ಲ. ಕಪಾಟಿನ ಕೆಳಗಿನ ಗೂಡಿನಲ್ಲಿ, ಒಡೆದ ಅಳತೆಪಾತ್ರೆಗಳ ಹಿಂದೆ ಇಟ್ಟಳು. ಫಾರ್ಮಲಿನ್ ಒಣಗದಂತೆ ವರ್ಷಕ್ಕೆರಡು ಸಲ ತುಂಬಿದಳು. ಯಾಕೆ ಇಟ್ಟಳೆಂದು ಆಗ ಕೇಳಿದ್ದರೆ ಅವಳಿಗೇ ಗೊತ್ತಿರಲಿಲ್ಲ. ಅವನದು ಎನ್ನುವುದು ಅಷ್ಟಾದರೂ ಇರಲಿ ಎಂದಿರಬೇಕು.

ಯಾಕೆ ಎಂಬುದು ತಿಳಿದದ್ದು ಸ್ಲೈಡ್ ಮೇಡಂ ಬಂದ ಮೇಲೆ. ಬಣ್ಣದ ಮಾವನಿಗೆ ಒಂದು ದಿನ ಅವರು ಪಾಠ ಹೇಳುತ್ತಿದ್ದರು.

"ನೋಡಿ, ಕೊಬ್ಬು ಅಂದ್ರೆ ಎಲ್ಲಾ ಒಂದೇ ಅಲ್ಲ. ದೊಡ್ಡ ಹನಿ ಇದ್ದು ಚುಕ್ಕೆ ಮೂಲೆಗೆ ಸರಿದಿದ್ರೆ ಅದು ನಿಧಾನದ ಕಾಯಿಲೆ. ಕುಡಿತ, ಬೊಜ್ಜು, ಸಕ್ಕರೆ. ವರ್ಷಗಟ್ಟಲೆ ಎಳೆಯುತ್ತೆ. ಅದೇ ಹನಿ ಸಣ್ಣಸಣ್ಣದಾಗಿ, ನೊರೆ ಥರ ಕೋಶದ ತುಂಬ ಹರಡಿ, ಚುಕ್ಕೆ ನಡುವೆಯೇ ಕೂತಿದ್ರೆ ಎದೆ ಧಸಕ್ ಅನ್ನಬೇಕು. ಕೋಶದ ಒಲೆಯೇ ಆರಿದೆ ಅಂತ ಅರ್ಥ. ಕೊಬ್ಬನ್ನ ಉರಿಸೋಕಾಗ್ತಿಲ್ಲ. ಕೆಲವು ಔಷಧಿಯಿಂದ ಆಗುತ್ತೆ, ಬಸುರಿಯರಲ್ಲಿ ಆಗುತ್ತೆ. ವರ್ಷ ಅಲ್ಲ, ದಿನ ಲೆಕ್ಕ."

"ಅಂದ್ರೆ ದೊಡ್ಡ ಹನಿ ನಮ್ಮತ್ತೆ ಇದ್ದಂಗೆ, ಬಂದು ಕೂತ್ರೆ ಏಳಲ್ಲ, ಎಲ್ಲರನ್ನೂ ಮೂಲೆಗೆ ತಳ್ತಾರೆ," ಎಂದ ಬಣ್ಣದ ಮಾವ. "ಸಣ್ಣ ಹನಿ?"

"ಸಣ್ಣ ಹನಿ ಗೆದ್ದಲು," ಎಂದರು ಮೇಡಂ. "ಮತ್ತೆ ನಾವು ಅದನ್ನ ಸುಲಭವಾಗಿ ಕಾಣದೆ ಬಿಟ್ಟುಬಿಡ್ತೀವಿ. ಮೇಣಕ್ಕೆ ಹಾಕೋ ಮೊದಲು ಚೂರನ್ನ ಸ್ಪಿರಿಟ್ಟಲ್ಲಿ ಅದ್ದುತೀವಲ್ಲ, ಆಮೇಲಿನ ದ್ರವಗಳಲ್ಲಿ ಕೊಬ್ಬೆಲ್ಲ ಕರಗಿ ಹೋಗುತ್ತೆ. ಉಳಿಯೋದು ಬರೀ ತೂತು. ದೊಡ್ಡ ತೂತು ಕುರುಡನಿಗೂ ಕಾಣುತ್ತೆ. ಸಣ್ಣದು ಸುಮ್ಮನೆ ಮಂಜು ಮಂಜು. ಕೊಬ್ಬನ್ನೇ ನೋಡಬೇಕಂದ್ರೆ ಮೇಣ ಬೇಡ, ಸ್ಪಿರಿಟ್ ಬೇಡ. ಚೂರನ್ನ ಹಾಗೇ ಹೆಪ್ಪುಗಟ್ಟಿಸಿ ಸೀಳಿ, ಕೊಬ್ಬಿಗೆ ಹತ್ತೋ ಕೆಂಪು ಬಣ್ಣ ಹಾಕಬೇಕು."

ಆ ದಿನ ಎಲ್ಲರೂ ಊಟಕ್ಕೆ ಹೋದಾಗ ಬ್ಲೇಡಕ್ಕ ತಮ್ಮನ ಹಳೆಯ ಗಾಜು ತೆಗೆದು ನೋಡಿದಳು. ಮಂಜು ಮಂಜು. ಚುಕ್ಕೆಗಳು ನಡುವೆಯೇ ಇದ್ದ ಹಾಗೆ ಕಾಣುತ್ತಿತ್ತು. ಆದರೆ ಮಂಜನ್ನು ಹಿಡಿದು ಯಾರ ಮುಖಕ್ಕೆ ಎಸೆಯುವುದು? ಹೆಪ್ಪುಗಟ್ಟಿಸಿ ಸೀಳುವ ಯಂತ್ರ ಎರಡು ವರ್ಷದ ಹಿಂದೆ ಬಂತು. ಬಂದ ಮೇಲೂ ಅವಳು ಡಬ್ಬಿ ತೆಗೆಯಲಿಲ್ಲ. ಉಳಿದಿದ್ದ ಎಳೆ ಉಗುರಿನಷ್ಟುದ್ದ, ಹಾಳಾದರೆ ಮತ್ತೊಂದಿಲ್ಲ. ಅಕಸ್ಮಾತ್ ಅದರಲ್ಲಿ ದೊಡ್ಡ ಹನಿಯೇ ಕಂಡರೆ? ಅಪ್ಪನೇ ಸರಿಯಾಗಿದ್ದರೆ? ಡಬ್ಬಿ ಮುಚ್ಚಿದ್ದಷ್ಟು ದಿನ ತಮ್ಮ ಕುಡಿದಿರಲಿಲ್ಲ ಎಂಬ ನಂಬಿಕೆ ಅವಳ ಕೈಯಲ್ಲಿತ್ತು.

'ನೀವು ಹೇಳಿದ ಮೇಲೆ ಮುಗೀತು' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಆ ಅಂಜಿಕೆ ಸುಟ್ಟು ಬೂದಿಯಾಯಿತು. ಒಬ್ಬನ ಬಾಯಿಮಾತಿಗೆ ರಿಪೋರ್ಟೇ ಬಾಗುತ್ತದೆ. ಇನ್ನೊಬ್ಬ ಸಾಯುವ ತನಕ ಹೇಳಿದರೂ ಅವನ ಮಾತು ಮಾತಲ್ಲ. ಅವಳಿಗೆ ನ್ಯಾಯ ಬೇಕೆನಿಸಲಿಲ್ಲ. ನ್ಯಾಯ ತಣ್ಣಗಿನ ಪದಾರ್ಥ. ಆ ಅಗಲವಾದ ಬೆನ್ನು ನಾಲ್ಕು ಜನರೆದುರು ಬಾಗುವುದನ್ನು ನೋಡಬೇಕೆನಿಸಿತು.

ಅದಕ್ಕೆ ಜಾಗವನ್ನು ದೊಡ್ಡ ಡಾಕ್ಟರೇ ಕಟ್ಟಿಟ್ಟಿದ್ದರು. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಸ್ಲೈಡ್ ಸಭೆ. ಐದು ಗಾಜು, ಐದಕ್ಕೂ ಲೇಬಲಿನ ಮೇಲೆ ಬಿಳಿ ಕಾಗದ ಅಂಟಿಸಿ ಹೆಸರು, ನಂಬರು ಮುಚ್ಚಿರಬೇಕು. ಗಾಜು ಪರದೆಯ ಮೇಲೆ ಬೀಳುತ್ತದೆ. ಉತ್ತರ ಹೇಳುವವರು ಒಂದೇ ಒಂದು ಪ್ರಶ್ನೆ ಕೇಳಬಹುದು. ಆಮೇಲೆ ಉತ್ತರವನ್ನು ರಿಜಿಸ್ಟರಿನಲ್ಲಿ ತಮ್ಮ ಕೈಯಲ್ಲೇ ಬರೆದು ಸಹಿ ಹಾಕಬೇಕು. ಸಹಿ ಬಿದ್ದ ಮೇಲೆಯೇ ಕಾಗದ ಕಿತ್ತು ಯಾರ ಗಾಜೆಂದು ಹೇಳುವುದು. "ಹೆಸರು ಕಂಡ್ರೆ ಕಣ್ಣು ಸುಳ್ಳು ಹೇಳುತ್ತೆ" ಎಂದು ಈ ನಿಯಮ ತಂದವರು ದೊಡ್ಡ ಡಾಕ್ಟರು. ಆ ಆಟದಲ್ಲಿ ಅವರು ಸೋತದ್ದನ್ನು ಕಂಡವರಿಲ್ಲ. ಗಾಜು ಬದಲಿಸುವುದು, ಕೇಳಿದ ಪ್ರಶ್ನೆಗೆ ಫಾರಂ ನೋಡಿ ಉತ್ತರ ಓದುವುದು ಬ್ಲೇಡಕ್ಕನ ಕೆಲಸ.

ಬುಧವಾರ ಊಟದ ಹೊತ್ತಿನಲ್ಲಿ ಅವಳು ಡಬ್ಬಿ ತೆಗೆದಳು. ಮುಚ್ಚಳ ಬಿಗಿದುಕೊಂಡಿತ್ತು, ಬಣ್ಣದ ಮಾವನೇ ತಿರುಗಿಸಿಕೊಟ್ಟ.

"ಯಾರದಮ್ಮಾ ಇದು, ಅಜ್ಜನ ಕಾಲದ ಉಪ್ಪಿನಕಾಯಿ ಥರ?"

"ತಮ್ಮಂದು."

ಬಣ್ಣದ ಮಾವ ಎದ್ದು ಹೋಗಿ ಲ್ಯಾಬಿನ ಬಾಗಿಲಿಗೆ ಚಿಲಕ ಹಾಕಿ ಬಂದ.

ಎಳೆಯನ್ನು ಅಂಟಿನಲ್ಲಿ ಕೂರಿಸಿ ಹೆಪ್ಪುಗಟ್ಟಿಸಿದಳು. ಮೊದಲನೇ ಸೀಳು ಪುಡಿಯಾಯಿತು. ಎರಡನೆಯದು ಸುರುಳಿ ಸುತ್ತಿಕೊಂಡಿತು. ಹಣೆಯ ಬೆವರು ಯಂತ್ರದ ತಣ್ಣನೆ ಬಾಯೊಳಗೆ ಬೀಳದಂತೆ ಬಣ್ಣದ ಮಾವ ತನ್ನ ಕರವಸ್ತ್ರ ಹಿಡಿದ. "ಅವಸರ ಬೇಡ ಕಣಮ್ಮಾ. ಒಂಬತ್ತು ವರ್ಷ ಕಾದಿದಾನೆ, ಇನ್ನು ಒಂಬತ್ತು ನಿಮಿಷ ಕಾಯ್ತಾನೆ." ಮೂರನೆಯ ಸೀಳು ಗಾಜಿನ ಮೇಲೆ ಇಬ್ಬನಿಯ ಹಾಗೆ ಅಂಟಿತು. ಮಾವ ಕೆಂಪು ಬಣ್ಣ ಹಾಕಿದ, ಚುಕ್ಕೆಗಳಿಗೆ ತಿಳಿನೀಲಿ ಹಾಕಿದ, ಸ್ಪಿರಿಟ್ಟಿನಲ್ಲಿ ಅದ್ದದೆ ಜಿಗುಟು ದ್ರವದಲ್ಲಿ ಮುಚ್ಚುಗಾಜು ಕೂರಿಸಿದ.

"ನೀನೇ ನೋಡು. ನಾನು ನೋಡಲ್ಲ," ಎಂದಳು ಬ್ಲೇಡಕ್ಕ.

ಬಣ್ಣದ ಮಾವ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಏನು? ದೊಡ್ಡದಾ?"

"ಬಾರಮ್ಮಾ ಇಲ್ಲಿ," ಎಂದ ಅವನು. "ಬಂದು ನೋಡು. ಚುಕ್ಕೆ ನಡುವೆಯೇ ಇದೆ."

ಕಣ್ಣಿಟ್ಟಳು. ಕೆಂಪು ಕೆಂಪು ಸಣ್ಣ ಹನಿ, ಎಣಿಸಲಾಗದಷ್ಟು, ಒಂದೊಂದು ಕೋಶದ ತುಂಬ ಸಾಸಿವೆ ಚೆಲ್ಲಿದ ಹಾಗೆ. ಅವುಗಳ ನಟ್ಟನಡುವೆ, ಎಲ್ಲಿರಬೇಕಿತ್ತೋ ಅಲ್ಲೇ, ನೀಲಿ ಚುಕ್ಕೆ. ಯಾರೂ ಅದನ್ನು ಮೂಲೆಗೆ ತಳ್ಳಿರಲಿಲ್ಲ. ಬ್ಲೇಡಕ್ಕ ಅಳಲಿಲ್ಲ. ಲೇಬಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಅಂಚನ್ನು ಉಗುರಿನಿಂದ ನೀವಿ ನೀವಿ ಕೂರಿಸಿದಳು.

ಗುರುವಾರ ಟ್ರೇ ನೋಡಿದ ಸ್ಲೈಡ್ ಮೇಡಂ ಹುಬ್ಬು ಗಂಟಿಕ್ಕಿದರು. "ನಾಲ್ಕನೇದು ನಾನಿಟ್ಟಿದ್ದಲ್ಲ."

"ನಾನಿಟ್ಟಿದ್ದು ಮೇಡಂ."

ಮೇಡಂ ಗಾಜನ್ನು ಮೈಕ್ರೋಸ್ಕೋಪಿಗೆ ಹಾಕಿ ನೋಡಿದರು. ಆಮೇಲೆ ಅವಳ ಮುಖ ನೋಡಿದರು. "ಯಾರದು?"

"ಕಾಗದ ಕಿತ್ತಾಗ ಗೊತ್ತಾಗುತ್ತೆ. ನಿಯಮ ಅದೇ ತಾನೇ?"

"ನಿಮ್ಮ ಕೆಲಸಕ್ಕೆ ಕುತ್ತು ಬಂದ್ರೆ ನಾನು ಅಡ್ಡ ನಿಲ್ಲೋಕಾಗಲ್ಲ."

"ಅಡ್ಡ ನಿಲ್ಲಬೇಡಿ ಮೇಡಂ. ಪಕ್ಕಕ್ಕೆ ನಿಂತ್ರೆ ಸಾಕು."

ಮೇಡಂ ಗಾಜನ್ನು ಟ್ರೇಯ ನಾಲ್ಕನೇ ಕುಳಿಯಲ್ಲೇ ಇಟ್ಟರು.

ಸಭೆಯ ಕೋಣೆ ತುಂಬಿತ್ತು. ಕಿರಿಯ ಡಾಕ್ಟರುಗಳು ಗೋಡೆಗೆ ಒರಗಿ ನಿಂತಿದ್ದರು. ಮೊದಲ ಮೂರು ಗಾಜು ಹೇಗೆ ಬಂದವು, ಹೇಗೆ ಹೋದವು, ಬ್ಲೇಡಕ್ಕನಿಗೆ ನೆನಪಿಲ್ಲ. ನಾಲ್ಕನೆಯದು ಪರದೆಯ ಮೇಲೆ ಬಿತ್ತು. ಕೋಣೆಯೆಲ್ಲ ಕೆಂಪಾಯಿತು.

"ಓಹೋ," ಎಂದು ದೊಡ್ಡ ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೊನ್ನೆಯ ಸಪ್ಪೆ ದನಿ ಮಾಯವಾಗಿತ್ತು. "ಅಪರೂಪದ್ದು. ಹುಡುಗ್ರಾ, ಯಾರಾದ್ರೂ ಹೇಳ್ತೀರಾ?"

"ಫ್ಯಾಟಿ ಲಿವರ್ ಸರ್. ಕುಡಿತ?" ಎಂದ ಒಬ್ಬ ಕಿರಿಯ ಡಾಕ್ಟರ್.

"ಕುಡಿತ! ಕೊಬ್ಬು ಕಂಡ್ರೆ ಸಾಕು, ಬಾಟ್ಲಿ ನೆನಪಾಗುತ್ತೆ ನಿಮಗೆ." ಎಲ್ಲರೂ ನಕ್ಕರು. "ಹನಿ ನೋಡಯ್ಯಾ. ಸಣ್ಣದು. ಚುಕ್ಕೆ ಎಲ್ಲಿದೆ? ನಡುವೆ. ಕುಡುಕರಲ್ಲೂ ಯಾವಾಗಲಾದ್ರೂ ಒಮ್ಮೆ ಇದು ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ವರ್ಷಗಟ್ಟಲೆ ಕುಡಿದೋನ ಲಿವರಲ್ಲಿ ಗಾಯದ ನಾರು ಬೇಡ್ವಾ? ಒಂದಾದ್ರೂ ದೊಡ್ಡ ಹನಿ ಬೇಡ್ವಾ? ಇದು ಕ್ಲೀನಾಗಿದ್ದ ಲಿವರ್. ಯಾವುದೋ ವಿಷ ಬಂದು ಒಲೆ ಆರಿಸಿದೆ. ನನ್ನ ಒಂದು ಪ್ರಶ್ನೆ: ಈ ರೋಗಿ ಯಾವ ಔಷಧಿ ತಗೋತಾ ಇದ್ದ?"

ಬ್ಲೇಡಕ್ಕ ಫಾರಂ ತೆರೆದಳು. ಅದರ ಅಂಚು ಹಳದಿಯಾದದ್ದು ಯಾರಿಗೂ ಕಾಣದಂತೆ ರಟ್ಟಿನೊಳಗಿಟ್ಟಿದ್ದಳು. ತನ್ನ ದನಿ ಇಷ್ಟು ಸಮವಾಗಿ ಬಂದೀತೆಂದು ಅವಳೇ ಎಣಿಸಿರಲಿಲ್ಲ.

"ಫಿಟ್ಸ್ ಮಾತ್ರೆ ಸರ್. ಮೂರು ತಿಂಗಳು. ಕೈ ನಡುಕ, ವಾಂತಿ, ತೂಕಡಿಕೆ ಅಂತ ಬಂದಾಗ ಡೋಸ್ ಎರಡು ಪಟ್ಟು."

"ಏನು? ಎರಡು ಪಟ್ಟು?" ದೊಡ್ಡ ಡಾಕ್ಟರು ಮೇಜು ಬಡಿದರು. "ಯಾವ ಕತ್ತೆ ಮಾಡಿದ್ದು? ನಡುಕ, ವಾಂತಿ ಅಂದ ಕೂಡ್ಲೇ ಅನುಮಾನ ಬಂದು, ಮಾತ್ರೆ ಬದಲಾಯಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲನೇ ವರ್ಷದ ಹುಡುಗನಿಗೂ ಗೊತ್ತಿರಬೇಕಾದ್ದು. ಇದು ಕಾಯಿಲೆಯಿಂದ ಸತ್ತದ್ದಲ್ಲ, ಡಾಕ್ಟ್ರು ಸಾಯಿಸಿದ್ದು!"

"ಬರೀರಿ ಸರ್," ಎಂದಳು ಬ್ಲೇಡಕ್ಕ. ರಿಜಿಸ್ಟರನ್ನು ಅವರ ಮುಂದೆ ತಿರುಗಿಸಿಟ್ಟಳು.

ಅವರು ಬರೆದರು. ಹುರುಪಿನಲ್ಲಿದ್ದರು, ಅಕ್ಷರ ದೊಡ್ಡದಾಗಿ ಬಂತು: 'ಸಣ್ಣ ಹನಿಗಳ ಕೊಬ್ಬು. ಕುಡಿತ ಕಾರಣವಲ್ಲ. ಫಿಟ್ಸ್ ಮಾತ್ರೆಯ ವಿಷ. ಡೋಸ್ ಹೆಚ್ಚಿಸಿದ್ದು ಅಕ್ಷಮ್ಯ.' ಕೆಳಗೆ ಸಹಿ, ಸಹಿಯ ಕೆಳಗೆ ಎಂದಿನ ಎರಡು ಗೆರೆ.

ಮೇಡಂ ಕಾಗದ ಕಿತ್ತರು. ಒಂಬತ್ತು ವರ್ಷದ ಹಿಂದಿನ ನಂಬರನ್ನು ಓದಿದರು. ಉಳಿದದ್ದನ್ನು ಬ್ಲೇಡಕ್ಕ ಓದಿದಳು.

"ಗಂಡು. ಇಪ್ಪತ್ತಾರು. ಗಡಿಯಾರ ರಿಪೇರಿ. 'ದಿನವೂ ಕುಡಿಯುವವನು. ಒಪ್ಪಿಕೊಳ್ಳುವುದಿಲ್ಲ.' ಇದು ಫಾರಂ ಬರೆದ ಡಾಕ್ಟ್ರ ಅಕ್ಷರ. ಕೆಳಗೆ ಸಹಿ ಇದೆ. ಸಹಿಯ ಕೆಳಗೆ ಎರಡು ಗೆರೆ." ರಟ್ಟಿನಿಂದ ಫಾರಂ ತೆಗೆದು ರಿಜಿಸ್ಟರಿನ ಪಕ್ಕದಲ್ಲಿಟ್ಟಳು. ಎರಡು ಸಹಿಗಳು ಅವಳಿಜವಳಿಗಳ ಹಾಗೆ ಪಕ್ಕಪಕ್ಕ ಮಲಗಿದವು.

ಗೋಡೆಗೆ ಒರಗಿದ್ದ ಕಿರಿಯರಲ್ಲಿ ಒಬ್ಬ ಕೆಮ್ಮಿದ. ದೊಡ್ಡ ಡಾಕ್ಟರು ಕನ್ನಡಕ ತೆಗೆದರು, ಹಾಕಿಕೊಂಡರು. ಕಿವಿಯ ತುದಿಯಿಂದ ಕತ್ತಿನ ತನಕ ಬಣ್ಣ ಇಳಿಯಿತು.

"ಇದು... ಇದು ಹೊಂಚು. ನನ್ನ ಮೇಲೆ ಹೊಂಚು ಹಾಕಿದೀಯಾ ನೀನು."

"ಹೌದು ಸರ್. ಒಂಬತ್ತು ವರ್ಷ."

"ಯಾರು ಇವನು ನಿನಗೆ?"

"ತಮ್ಮ. ನಾನು ಸಾಕಿದ ತಮ್ಮ. ಕನ್ನಡಿಗೆ ಹೇಳ್ಕೋ ಅಂದಿದ್ರಿ. ಅವನು ಮನೆಗೆ ಬಂದು ನಿಜವಾಗಲೂ ಕನ್ನಡಿ ಮುಂದೆ ನಿಂತಿದ್ದ ಸರ್. ನಾನೇ ಕುಡಿದು ಮರೆತಿದೀನಾ ಅಕ್ಕಾ ಅಂತ ಕೇಳಿದ."

ದೊಡ್ಡ ಡಾಕ್ಟರು ಎದ್ದರು. ಎದ್ದವರು ರಿಜಿಸ್ಟರಿನ ಕಡೆ ಕೈ ಚಾಚಿದರು. ಆದರೆ ಅಷ್ಟರಲ್ಲಿ ಮೇಡಂ ಅದನ್ನು ಮುಚ್ಚಿ ತಮ್ಮ ಕಂಕುಳಲ್ಲಿ ಇರಿಸಿಕೊಂಡಿದ್ದರು. "ಸಹಿ ಬಿದ್ದ ಮೇಲೆ ತಿದ್ದೋ ಹಾಗಿಲ್ಲ ಸರ್. ನಿಮ್ಮದೇ ನಿಯಮ."

ಓಣಿಯಲ್ಲಿ ದೊಡ್ಡ ಡಾಕ್ಟರು ಬ್ಲೇಡಕ್ಕನನ್ನು ಹಿಂಬಾಲಿಸಿ ಬಂದರು. ಮೊದಲ ಬಾರಿಗೆ ಬಹುವಚನ ಬಳಸಿದರು. "ನೋಡಿ, ನಾನು ಬೇಕಂತ ಮಾಡಿದ್ದಲ್ಲ. ದಿನಕ್ಕೆ ನೂರು ಜನ. ನಿಮ್ಮ ತಂದೆಯೇ ವಾಸನೆ ಅಂದ್ರು."

"ಗೊತ್ತು ಸರ್. ಬೇಕಂತ ಮಾಡಿದ್ರೆ ನನ್ನ ಸಿಟ್ಟು ಇಷ್ಟು ದಿನ ಬಾಳ್ತಿರಲಿಲ್ಲ. ನೀವು ನೋಡಲೇ ಇಲ್ಲ. ನೋಡಿದ್ರೆ ಎಷ್ಟು ಚೆನ್ನಾಗಿ ಹೇಳ್ತೀರಿ ಅಂತ ಇವತ್ತು ಎಲ್ಲರಿಗೂ ಗೊತ್ತಾಯ್ತು."

"ಏನು ಬೇಕು ನಿಮಗೆ?"

"ತಿದ್ದಿದ ರಿಪೋರ್ಟು. ಮೇಡಂ ಬರೀತಾರೆ, ನೀವು ಸಹಿ ಹಾಕಿ. ಹಾಕದಿದ್ರೂ ನಡೆಯುತ್ತೆ. ಆ ಕೋಣೇಲಿ ಇಪ್ಪತ್ತು ಜನ ಇದ್ರು. ಇನ್ನು ಮೇಲೆ ನೀವು ಶಾಲೇಲಿ ಭಾಷಣ ಮಾಡುವಾಗ ಹಿಂದಿನ ಸಾಲಲ್ಲಿ ಯಾರು ಯಾರ ಕಿವೀಲಿ ಏನು ಹೇಳ್ತಾರೆ ಅಂತ ಯೋಚನೆ ಮಾಡ್ತಾ ಇರಿ. ಅಂದ ಹಾಗೆ, ನಿಮ್ಮ ಲಿವರಲ್ಲಿ ದೊಡ್ಡ ಹನಿ ಇದೆ. ಸಕ್ಕರೆ ಅಂತ ನೀವು ಹೇಳ್ತೀರಿ." ಅವಳು ಅವರ ಕೈಯ ಕಡೆ ನೋಡಿದಳು. ಅದು ಸಣ್ಣಗೆ ನಡುಗುತ್ತಿತ್ತು. "ನಾವು ನಂಬಿದೀವಿ."

ಅವರು ಸಹಿ ಹಾಕಿದರು. ಎರಡು ಗೆರೆ ಇರಲಿಲ್ಲ.

ಡಬ್ಬಿಯನ್ನು ಪದ್ಧತಿ ಮೀರಿ ಇಟ್ಟುಕೊಂಡದ್ದಕ್ಕೆ ಬ್ಲೇಡಕ್ಕನಿಗೆ ಸಂಜೆಯೊಳಗೆ ಮೆಮೊ ಬಂತು. ಅದನ್ನು ಮಡಚಿ ಬ್ಯಾಗಿನ ಒಂದು ಖಾನೆಯಲ್ಲಿ, ರಿಪೋರ್ಟನ್ನು ಇನ್ನೊಂದರಲ್ಲಿ ಇಟ್ಟುಕೊಂಡು ಮನೆಗೆ ಹೊರಟಳು. ಬಣ್ಣದ ಮಾವ ಬಸ್ ನಿಲ್ದಾಣದ ತನಕ ಬಂದ. "ಇವತ್ತಾದ್ರೂ ನಗಬಾರದೇನಮ್ಮಾ? ಗೆದ್ದೆಯಲ್ಲ."

"ಇನ್ನೊಬ್ಬರು ಬಾಕಿ ಇದಾರೆ ಮಾವ."

ಅಪ್ಪ ಕಿಟಕಿಯ ಪಕ್ಕ ಕೂತು ರೇಡಿಯೊ ಕೇಳುತ್ತಿದ್ದರು. ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸುವ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರು. ಅಂಗಡಿಯವರು ಬಾಯಲ್ಲಿ ಎಷ್ಟೇ ಹೇಳಿದರೂ ಕಲ್ಲನ್ನು ತಾವೇ ತೂಗಿ ನೋಡದೆ ಮುದ್ರೆ ಒತ್ತುತ್ತಿರಲಿಲ್ಲ ಎಂದು ಹೆಸರಾದವರು. ಮಗನ ವಿಷಯದಲ್ಲಿ ಮಾತ್ರ ಬೇರೆಯವರ ಕಲ್ಲನ್ನು ನಂಬಿದರು.

ಅವಳು ರೇಡಿಯೊ ಆರಿಸಿದಳು. ರಿಪೋರ್ಟನ್ನು ಅವರ ತೊಡೆಯ ಮೇಲಿಟ್ಟಳು.

"ಏನಿದು? ಓದಿ ಹೇಳು. ಅಕ್ಷರ ಕಾಣಲ್ಲ ನನಗೆ."

ಅವಳು ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ತಮ್ಮನ ಭೂತಗನ್ನಡಿ ತಂದಳು. ಅಂಗಡಿ ಖಾಲಿ ಮಾಡಿದ ದಿನ ಅಪ್ಪ ಕಸಕ್ಕೆ ಎಸೆದದ್ದು; ಅವಳು ಹೆಕ್ಕಿಟ್ಟದ್ದು.

"ನೀನೇ ಓದಪ್ಪ. ಇದರಲ್ಲಿ ಕಾಣುತ್ತೆ."

ಅದನ್ನು ಮುಟ್ಟಿದ ಕೂಡಲೇ ಯಾರದೆಂದು ಅವರಿಗೆ ತಿಳಿಯಿತು. ಒಂದು ಕ್ಷಣ ಹಿಂದಕ್ಕೆ ಕೊಡುವಂತೆ ಕೈ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ. ಕೊನೆಗೆ ಕಣ್ಣಿಗೆ ಹಿಡಿದು, ಕಾಗದವನ್ನು ಮೂಗಿನ ಹತ್ತಿರ ತಂದು, ಒಂದೊಂದೇ ಅಕ್ಷರ ದಾಟುತ್ತ ಹೋದರು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. 'ಕುಡಿತ ಕಾರಣವಲ್ಲ' ಎಂಬಲ್ಲಿ ನಿಂತರು. ಹಿಂದಕ್ಕೆ ಹೋದರು. ಮತ್ತೆ ಅಲ್ಲಿಗೇ ಬಂದು ನಿಂತರು.

ಬ್ಲೇಡಕ್ಕ ಕೂರಲಿಲ್ಲ. ನೀರು ಕೊಡಲಿಲ್ಲ. ಬೆನ್ನು ಸವರಲಿಲ್ಲ. ಎದುರಿಗೇ ನಿಂತಿದ್ದಳು.

"ನನಗೆ ವಾಸನೆ ಬಂದಿತ್ತು ಕಣೇ," ಎಂದರು ಅಪ್ಪ. "ನಿಜವಾಗಲೂ ಬಂದಿತ್ತು."

ಅವಳು ತನ್ನ ಸೆರಗಿನ ತುದಿಯನ್ನು ಅವರ ಮೂಗಿನ ಹತ್ತಿರ ಹಿಡಿದಳು. ದಿನವಿಡೀ ಲ್ಯಾಬಿನಲ್ಲಿದ್ದ ಸೆರಗು. ಅಪ್ಪ ಉಸಿರೆಳೆದುಕೊಂಡರು. ಎಳೆದುಕೊಂಡ ಉಸಿರು ಹೊರಬರಲು ತಡವಾಯಿತು.

"ಇದೇ ವಾಸನೆ," ಎಂದಳು. "ನಂಗೂ ಗೊತ್ತಿತ್ತು. ಆವತ್ತು ಬಾಯಿ ಬಿಡಲಿಲ್ಲ. ನನ್ನ ಪಾಲಿನದು ನಾನು ಉಣ್ತಾ ಇದೀನಿ. ನಿನ್ನ ಪಾಲಿನದು ನೀನು ಉಣ್ಣು."

ಅಪ್ಪ ಕಾಗದವನ್ನು ಮಡಚಲು ಹೋದರು. ಅವಳು ಅವರ ಬೆರಳುಗಳನ್ನು ಬಿಡಿಸಿ, ಕಾಗದವನ್ನು ಮತ್ತೆ ತೊಡೆಯ ಮೇಲೆ ಹರಡಿದಳು. ಕಿಟಕಿಯನ್ನು ಪೂರ್ತಿ ತೆರೆದಳು. ಎದುರು ಮನೆಯ ವರಾಂಡದಲ್ಲಿ ಎಂದಿನ ಸಂಜೆಯ ಹಾಗೆ ನೆಂಟರು, ನೆರೆಯವರು ಕೂತಿದ್ದರು.

"ಇನ್ನೊಂದ್ಸಲ ಓದಪ್ಪ," ಎಂದಳು. "ಅವನ ಹೆಸರು ಹಿಡಿದು. ಜೋರಾಗಿ."